ಕುತ್ತಿಗೆಯವರೆಗೆ ನೀರು

ಬಿಜೈಯ ನಮ್ಮ ಗದ್ದೆಗೆ ಭತ್ತದ ನೇಜಿ ನೆಡಲು ಬರುತ್ತಿದ್ದ ಅಕ್ಕತಂಗಿಯರಲ್ಲಿ ಅವಳು ಅಕ್ಕ. ಅವಳು ಪಾಡ್ದನದ ಒಂದು ಸಾಲು ಎತ್ತಿದರೆ ತಂಗಿ ಅದನ್ನೇ ತಿರುಗಿ ಹಾಡುವಳು. ಇಬ್ಬರ ಹಾಡಿಗೆ ಸುರತ್ಕಲ್ಲಿನಿಂದಲೂ ಕರೆ ಬರುತ್ತಿತ್ತು. ಗದ್ದೆಯಿರಲಿ, ಗಂಜಿಯಿರಲಿ, ಅವಳದು ಒಂದೇ ಮಾತು: "ನಡುವಲ್ಲಿ ಬಿಡ್ಲಿಕ್ಕಿಲ್ಲ."

ಒಮ್ಮೆ ಮದ್ರಾಸಿನಿಂದ ಗ್ರಾಮಫೋನ್ ಪ್ಲೇಟಿನವರು ಬಂದು ನಮ್ಮ ಚಾವಡಿಯಲ್ಲಿ ಯಂತ್ರ ಹೂಡಿದರು. ಬರಿಗೈಯಲ್ಲಿ ಹಾಡು ಬರುವುದಿಲ್ಲವೆಂದು ಅವಳು ಒಂದು ಸೂಡಿ ನೇಜಿ ತರಿಸಿ ಹಿಡಿದುಕೊಂಡಳು. ಹಾಡಿನ ಕತೆಯಲ್ಲಿ ಬಸುರಿ ಹೆಂಗಸೊಬ್ಬಳು ನೆರೆ ಬಂದ ಹೊಳೆಗೆ ಇಳಿದಳು. ನೀರು ಮೊಣಕಾಲಿಗೆ, ಸೊಂಟಕ್ಕೆ, ಕುತ್ತಿಗೆಗೆ ಬಂತು. ಅಷ್ಟರಲ್ಲಿ ಯಂತ್ರದವನು ಕೈ ಎತ್ತಿದ. "ಸಾಕಮ್ಮ, ಪ್ಲೇಟು ತುಂಬಿತು."

"ಎಂತ ಸ್ವಾಮಿ, ಹೆಂಗಸನ್ನು ನೀರಲ್ಲಿ ಬಿಟ್ಟು ಬರ್ಲಿಕ್ಕುಂಟಾ?" ಎಂದವಳೇ ಮುಂದಿನ ಸಾಲು ಎತ್ತಿದಳು.

ಯಂತ್ರ ನಿಂತಿತ್ತು, ಅವರಿಬ್ಬರು ನಿಲ್ಲಲಿಲ್ಲ. ಹೆಂಗಸನ್ನು ದಡ ಹತ್ತಿಸಿ, ಸೆರಗು ಹಿಂಡಿಸಿದ ಮೇಲೆಯೇ ಅವಳು ನೇಜಿ ಕೆಳಗಿಟ್ಟದ್ದು. ಯಂತ್ರದವನು ಟೋಪಿ ತೆಗೆದು ನೆಲದ ಮೇಲೆ ಕೂತುಬಿಟ್ಟಿದ್ದ.

ಆ ಪ್ಲೇಟು ಈಗಲೂ ನನ್ನಲ್ಲಿ ಉಂಟು. ನೀರು ಕುತ್ತಿಗೆಗೆ ಬಂದಲ್ಲಿಗೆ ಹಾಡು ನಿಲ್ಲುತ್ತದೆ. ಮುಂದಿನ ಸಾಲನ್ನು ನನ್ನ ಒಡಕು ದನಿಯಲ್ಲಿ ನಾನೇ ಎತ್ತುತ್ತೇನೆ. ಅಡುಗೆಮನೆಯಿಂದ ಹೆಂಡತಿ ತಿರುಗಿ ಹಾಡುತ್ತಾಳೆ. ಆ ಹೆಂಗಸು ದಡ ಸೇರುವವರೆಗೆ ನಮ್ಮಲ್ಲಿ ಊಟವಿಲ್ಲ.