ಜಯದೇವಪ್ಪನವರ ಮುತ್ತಜ್ಜನಿಗೊಂದು ಪುರಾವೆ

ಅಜ್ಜಂಪುರದ ಜಯದೇವಪ್ಪ ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಕೆಲವೇ ತಿಂಗಳಲ್ಲಿ ಮೊಬೈಲು ನೋಡಿ ನೋಡಿ ಇತಿಹಾಸ ತಜ್ಞರಾಗಿಬಿಟ್ಟರು. ಮನೆಯಲ್ಲಿ ಅದನ್ನು ಕೇಳುವವರಿಲ್ಲದ್ದರಿಂದ ತರೀಕೆರೆ ಬಸ್ಸು ಹತ್ತುತ್ತಿದ್ದರು. ಕಿಟಕಿ ಪಕ್ಕ ಸಿಕ್ಕಿಕೊಂಡವರಿಗೆಲ್ಲ ಒಂದೇ ಪಾಠ: ಯೇಸು ಎಂಬ ಮನುಷ್ಯ ಹುಟ್ಟೇ ಇರಲಿಲ್ಲ. ಅವನ ಕಾಲದ ಒಂದು ಶಾಸನವಿಲ್ಲ, ಕಣ್ಣಾರೆ ಕಂಡವರು ಬರೆದಿಟ್ಟ ಒಂದು ಸಾಲಿಲ್ಲ. ಎಲ್ಲ ಆಮೇಲಿನವರು ಕಟ್ಟಿದ ಕಥೆ.

ಈ ಪಾಠವನ್ನು ಹೆಚ್ಚು ಸಲ ಕೇಳಿದವರು ಪಕ್ಕದ ಮನೆಯ ನಿವೃತ್ತ ಸ್ಟೇಷನ್ ಮಾಸ್ಟರ್ ಆರೋಗ್ಯಪ್ಪ. ಪವಾಡಗಳನ್ನು ನಂಬುವುದು ಬಿಡುವುದು ನಿಮ್ಮಿಷ್ಟ, ಆದರೆ ಅಂಥವನೊಬ್ಬ ಬದುಕಿದ್ದ, ಶಿಲುಬೆಗೇರಿದ ಅನ್ನುವುದನ್ನು ದೇವರನ್ನೇ ನಂಬದ ವಿದ್ವಾಂಸರಲ್ಲೂ ಹೆಚ್ಚಿನವರು ಒಪ್ಪುತ್ತಾರೆ ಎಂದು ಅವರು ಒಮ್ಮೆ ಹೇಳಿದ್ದರು. ಜಯದೇವಪ್ಪ ಕನಿಕರದಿಂದ ನಕ್ಕಿದ್ದರು.

ಅಷ್ಟರಲ್ಲಿ ಸಿಂಗಟಗೆರೆ ಕಡೆ, ಜಯದೇವಪ್ಪನವರ ಹುಟ್ಟೂರಲ್ಲಿ, ಹಾಳುಬಿದ್ದ ಬಾವಿಯೊಂದು ದುರಸ್ತಿಯಾಯಿತು. ಅದನ್ನು ತೋಡಿಸಿದ್ದು ತಮ್ಮ ಮುತ್ತಜ್ಜ ಹಾಲಪ್ಪನವರು, ಅವರ ಹೆಸರಿನ ಕಲ್ಲು ನಿಲ್ಲಿಸಬೇಕು ಎಂದು ಜಯದೇವಪ್ಪ ಹಟ ಹಿಡಿದರು. ಪಂಚಾಯಿತಿಯವರು ದಾಖಲೆ ಕೇಳಿದರು. ಹಾಲಪ್ಪ ಎಂಬ ಹೆಸರು ಯಾವ ಖಾತೆಯಲ್ಲೂ ಇರಲಿಲ್ಲ. ಜಯದೇವಪ್ಪನವರಿಗೆ ಮೈಯೆಲ್ಲ ಉರಿಯಿತು. ಆರೋಗ್ಯಪ್ಪನವರನ್ನು ಜಗಲಿಗೆ ಕರೆದು ಕೂರಿಸಿ ಹೊಟ್ಟೆಯೊಳಗಿದ್ದುದನ್ನೆಲ್ಲ ತೋಡಿಕೊಂಡರು.

"ನಮ್ಮಜ್ಜಿ ಬಾಯಲ್ಲೇ ಕೇಳಿದೀನಿ ಕಣ್ರೀ. ನಾಕ್ ಮನೆಯೋರು ಅದನ್ನೇ ಹೇಳ್ತಾರೆ. ನಾಕೂ ಜನ ಸುಳ್ಳು ಹೇಳ್ತಾರಾ?"

"ನಮ್ಮ ಯೇಸು ಕಥೆ ಬರ್ದಿಟ್ಟೋರೂ ನಾಕೇ ಜನ," ಎಂದರು ಆರೋಗ್ಯಪ್ಪ.

ಕಾಫಿ ತಂದಿದ್ದ ಜಯದೇವಪ್ಪನವರ ಹೆಂಡತಿ ತೀರ್ಥಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಅದೇ ಬೇರೆ, ಇದೇ ಬೇರೆ ಎಂದರು ಜಯದೇವಪ್ಪ. ಹೇಗೆ ಬೇರೆ ಎಂದು ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದನ್ನೇ ತಡೆಯಲಾಗದೆ ಅವರೇ ಹೇಳಿದರು:

"ಹಾಲಪ್ಪನೋರು ನಮ್ಮೋರಲ್ವೇನ್ರೀ."

ಆಮೇಲೆ ಕೆಲವು ದಿನ ಅವರು ಬಸ್ಸು ಹತ್ತಲಿಲ್ಲ. ಕೊನೆಗೆ ನೆಂಟನೂ ಪಂಚಾಯಿತಿ ಸದಸ್ಯನೂ ಆದ ರುದ್ರಮೂರ್ತಿ ದಾರಿ ತೋರಿಸಿದ: ಹುಟ್ಟಿದ ತಾರೀಖು ಕೆತ್ತಿಸಿಬಿಟ್ಟರೆ ಯಾರೂ ದಾಖಲೆ ಕೇಳುವುದಿಲ್ಲ. ಜಯದೇವಪ್ಪ ಒಂದು ಮಧ್ಯಾಹ್ನ ಪಂಚಾಂಗ ಹಿಡಿದು ಕೂತು, ಮುತ್ತಜ್ಜನನ್ನು ಒಳ್ಳೆಯದೊಂದು ಸೋಮವಾರ ಹುಟ್ಟಿಸಿದರು. ಕಲ್ಲು ನಿಂತಿತು.

ಈಗ ಪ್ರತಿವರ್ಷ ಬಾವಿಯ ಬಳಿ ಹಾಲಪ್ಪನವರ ಜಯಂತಿ ನಡೆಯುತ್ತದೆ. ಆರೋಗ್ಯಪ್ಪನವರೂ ಹೋಗಿ ಪಾಯಸ ಉಂಡು ಬರುತ್ತಾರೆ. ಕಳೆದ ಸಲ ಭಾಷಣಕ್ಕೆ ನಿಂತ ರುದ್ರಮೂರ್ತಿ, ಹಾಲಪ್ಪನವರು ಕೋಲಿನಿಂದ ನೆಲ ತಟ್ಟಿದೊಡನೆ ನೀರು ಚಿಮ್ಮಿತು ಎಂದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಜಯದೇವಪ್ಪ.