ಮಾತಾಡುವ ಲೈಬ್ರರಿ

ಲೈಬ್ರರಿ ಹುಡುಕುತ್ತಿದ್ದೇನೆ ಎಂದರೆ ಕಡೂರಿನ ನಮ್ಮ ಮನೆಯಲ್ಲಿ ಇಂದಿಗೂ ಅಪಾರ್ಥವಾಗುತ್ತದೆ. ಕೂತಲ್ಲಿಂದ ಕದಲದವಳು ಅದ್ಯಾವ ಲೈಬ್ರರಿಗೆ ಹೋಗಿಬಂದಳೆಂದು ನಮ್ಮತ್ತೆ ಕನ್ನಡಕದ ಮೇಲಿಂದ ನೋಡುತ್ತಾರೆ. ವೆಬ್‌ಸೈಟ್ ಕಟ್ಟುವ ನನ್ನಂಥವರಿಗೆ ಲೈಬ್ರರಿಯೆಂದರೆ ಯಾರೋ ಪುಣ್ಯಾತ್ಮರು ಜಾವಾಸ್ಕ್ರಿಪ್ಟಿನಲ್ಲಿ ಬರೆದು, ಬೇಕಾದವರು ಬಳಸಿಕೊಳ್ಳಲೆಂದು ಬಿಟ್ಟ ಸಿದ್ಧ ಸರಕು. ಸ್ವಂತ ಪಾಂಡಿತ್ಯದ ಕೊರತೆಯನ್ನು ಪರರ ಪ್ರತಿಭೆಯಿಂದ ತುಂಬಿಕೊಳ್ಳುವ ಈ ವಿದ್ಯೆಯಲ್ಲಿ, ನೀವು ನಂಬಬೇಕು, ನಾನು ಪ್ರವೀಣೆ.

ತರೀಕೆರೆಯ ರುದ್ರೇಶಣ್ಣನವರ ಬಸ್ಸುಗಳ ವೆಬ್‌ಸೈಟಿಗೆ, ಓದಲಾರದವರಿಗೂ ಬಸ್ಸಿನ ವೇಳೆಯನ್ನು ಗಟ್ಟಿಯಾಗಿ ಹೇಳುವ ಲೈಬ್ರರಿ ಬೇಕಿತ್ತು. ಹೆಸರಾಂತವುಗಳನ್ನೆಲ್ಲ ಪರೀಕ್ಷಿಸಿದೆ. ಒಂದು ಅಜ್ಜಂಪುರವನ್ನು 'ಅಜಂಪುರ' ಎಂದಿತು. ಇನ್ನೊಂದರ ಬಾಯಲ್ಲಿ ಯಗಟಿ ಯಾವುದೋ ಔಷಧಿಯ ಹೆಸರಾಯಿತು. ಕೊನೆಗೆ ಸಿಕ್ಕ, ಯಾರೂ ಅಷ್ಟಾಗಿ ಬಳಸದ ಪುಟ್ಟ ಲೈಬ್ರರಿಯೊಂದರ ಹೆಣ್ಣುಧ್ವನಿ ಮಾತ್ರ ಊರುಗಳನ್ನು ನೆಂಟರನ್ನು ಕರೆದಂತೆ ಕರೆಯಿತು. ಹಿರಿಹಿರಿ ಹಿಗ್ಗಿ ಅದನ್ನೇ ಆರಿಸಿದೆ.

ರುದ್ರೇಶಣ್ಣನವರ ಮನೆಯ ಪಡಸಾಲೆಯಲ್ಲಿ, ನಡುಮಧ್ಯಾಹ್ನ, ಲ್ಯಾಪ್‌ಟಾಪ್ ತೆರೆದು ಗುಂಡಿ ಒತ್ತಿದೆ. ಧ್ವನಿ ಹೊರಟಿತು. ಅವರು ಕಾಫಿ ಲೋಟವನ್ನು ಕೆಳಗಿಟ್ಟರು.

"ಇದು ನಮ್ಮ ಗಿರಿಜಾ ಕಣಮ್ಮ," ಎಂದರು.

ಗಿರಿಜಾ ಅವರ ತಂಗಿ. ತೀರಿಕೊಂಡು ವರ್ಷಗಳೇ ಆಗಿದ್ದವು. ಕಾಲೇಜಿನಲ್ಲಿದ್ದಾಗ ಯಾರದೋ ಸಂಶೋಧನೆಗೆಂದು ದಿನಗಟ್ಟಲೆ ಕೂತು ಓದಿ ಧ್ವನಿ ಕೊಟ್ಟಿದ್ದಳಂತೆ. ಆ ಧ್ವನಿಯ ಚೂರುಗಳನ್ನು ಜೋಡಿಸಿ, ನಾವು ಟೈಪಿಸಿದ್ದನ್ನೆಲ್ಲ ಲೈಬ್ರರಿ ಅವಳಿಂದ ನುಡಿಸುತ್ತಿತ್ತು.

ರುದ್ರೇಶಣ್ಣ ಲ್ಯಾಪ್‌ಟಾಪನ್ನು ತಮ್ಮತ್ತ ಎಳೆದುಕೊಂಡು ಒಂದು ಸಾಲು ಟೈಪಿಸಿದರು. "ಅಣ್ಣಾ, ಊಟ ಆಯ್ತಾ?" ಎಂದಿತು ಧ್ವನಿ. ಮತ್ತೆ ಟೈಪಿಸಿದರು. "ಅವ್ವಾ, ನಾನು ಚೆನ್ನಾಗಿದೀನಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವರ ತಾಯಿ ಬಾಗಿಲಿಗೆ ಬಂದು, ಒದ್ದೆ ಕೈಯಲ್ಲೇ ಪರದೆಯನ್ನು ದಿಟ್ಟಿಸುತ್ತ ನಿಂತರು.

"ಯಾರ್ಲೇ ಅದನ್ನ ಹೇಳ್ಸಿದ್ದು?"

"ನಾನೇ ಅವ್ವಾ."

"ಹೇಳ್ಸಿದ್ದನ್ನ ಹೇಳೋಳಾ ಅವಳು? ಒಂದಿನಾನಾದ್ರೂ ಯಾರ ಮಾತಾದ್ರೂ ಕೇಳಿದ್ಲಾ? ಅವಳ ಬಾಯಿಗೆ ನಿನ್ನ ಮಾತು ತುರುಕಬ್ಯಾಡ ಕಣೋ."

ನನಗೆ ಭೂಮಿಗೆ ಇಳಿದುಹೋದಂತಾಯಿತು. "ಬೇರೆ ಲೈಬ್ರರಿ ಹಾಕ್ತೀನಿ ಅಮ್ಮ," ಎಂದೆ.

"ಯಾಕೆ? ನಾಕು ಜನಕ್ಕೆ ಉಪಯೋಗ ಆಗ್ಲಿ ಅಂತಾನೇ ಗಂಟಲು ಹರ್ಕೊಂಡು ಓದಿದ್ಲು. ಬಸ್ಸಿನ ಹೊತ್ತು ಹೇಳ್ಲಿ ಬಿಡು."

ರುದ್ರೇಶಣ್ಣ ಎದ್ದು ಹಿತ್ತಲಿಗೆ ಹೋದರು. ತಾಯಿ ಸೆರಗಿಗೆ ಕೈ ಒರೆಸಿಕೊಂಡು ನನ್ನ ಪಕ್ಕ ಕೂತರು.

"ಪಂಚನಹಳ್ಳಿಗೆ ಮೊದಲನೇ ಬಸ್ಸು ಎಷ್ಟೊತ್ತಿಗೆ? ಕೇಳ್ಸು."

ಕೇಳಿಸಿದೆ.

"ಇನ್ನೊಂದ್ಸಲ."

ಪಂಚನಹಳ್ಳಿಯಲ್ಲಿ ತಮ್ಮ ತಾಯಿಗೆ ಯಾರೂ ಇಲ್ಲವೆಂದು, ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡುವಾಗ ರುದ್ರೇಶಣ್ಣ ಹೇಳಿದರು.