ಮಗಳ ನಕ್ಷೆಯಲ್ಲಿ ಸಿಗದ ವಿಮಾನ

ನಮ್ಮ ಮಗಳು ಕೆಲಸ ಮಾಡುವುದು ನಡುಮನೆಯ ಕಿಟಕಿ ಪಕ್ಕ, ಹಳೆಯ ಹೊಲಿಗೆ ಮಿಷನ್ನಿನ ಮೇಲೆ ಹಲಗೆ ಇಟ್ಟುಕೊಂಡು. ಅವಳ ಕಂಪ್ಯೂಟರಿನಲ್ಲಿ ಇಡೀ ಭೂಮಿಯ ನಕ್ಷೆ ಇದೆ, ಅದರ ಮೇಲೆಲ್ಲ ಚುಕ್ಕೆಗಳು. ಮಳೆ ಬರಿಸುವುದಕ್ಕೋ, ಆಲಿಕಲ್ಲು ತಡೆಯುವುದಕ್ಕೋ, ಬಿಸಿಲು ಕಡಿಮೆ ಮಾಡುವುದಕ್ಕೋ ಮನುಷ್ಯರು ಎಲ್ಲೆಲ್ಲಿ ಕೈ ಹಾಕಿದ್ದಾರೋ ಅಲ್ಲೆಲ್ಲ ಒಂದೊಂದು. ನಡೆಯುತ್ತಿರುವುದಕ್ಕೆ ಹಸಿರು, ನಿಂತುಹೋದದ್ದಕ್ಕೆ ಬೂದು, ಇನ್ನೂ ಬರೀ ಮಾತಿನಲ್ಲಿರುವುದಕ್ಕೆ ಹಳದಿ. ಹೊರದೇಶದ ಯಾವುದೋ ಸಂಸ್ಥೆ ಮಾಡಿಸುತ್ತಿರುವ ಕೆಲಸ. ನಮ್ಮ ದೇಶದ್ದನ್ನು ಪತ್ರಿಕೆ ಓದಿ, ಫೋನು ಮಾಡಿ, ನಿಜವೋ ಸುಳ್ಳೋ ವಿಚಾರಿಸಿ ಹಾಕುವುದು ಇವಳ ಪಾಲಿಗೆ ಬಂದಿದೆ. ಇದನ್ನೆಲ್ಲ ಕೆ.ಆರ್. ಪೇಟೆಯ ನಮ್ಮ ಬೀದಿಯಲ್ಲಿ ಕೂತೇ ಮಾಡಬಹುದು ಅನ್ನುವುದು ಮೊದಮೊದಲು ನನಗೆ ನಂಬಿಕೆಯಾಗಲಿಲ್ಲ. ಗಂಡ ಹೋದ ಮೇಲೆ ಅವಳು ಯಾವ ಕೆಲಸಕ್ಕೂ ಹೊರಗೆ ಕಾಲಿಡಲಾರೆ ಅಂದಿದ್ದಳು. ಕೆಲಸವೇ ಮನೆಯೊಳಕ್ಕೆ ಬಂತು. ಆ ಮಟ್ಟಿಗೆ ಭಗವಂತ ಕಣ್ಣು ಬಿಟ್ಟ ಅಂದುಕೊಂಡೆ.

ಹಾಲು ಹಾಕುವ ಹೆಂಗಸು ಒಂದು ದಿನ ಕಿಟಕಿಯಲ್ಲಿ ಇಣುಕಿ, "ಏನವ್ವ, ಪ್ರಪಂಚದ ಮಳೆನೆಲ್ಲ ನೀನೇ ಬರ್ಕೊತಾ ಇದ್ದೀಯಂತಲ್ಲ, ನಮ್ಮೂರ್ಗೂ ಒಸಿ ಬರ್ದ್ಬುಡು" ಅಂದಳು. ಮಗಳು ನಕ್ಕಳು. ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಆವತ್ತು ಹಾಲಿನವಳನ್ನು ಕೂರಿಸಿ ಕಾಫಿ ಕೊಟ್ಟು ಕಳಿಸಿದೆ.

ಹುರುಳಿಕಾಯಿ ನಾರು ತೆಗೆಯುತ್ತ ಮಗಳು ಒಂದೊಂದು ದೇಶದ ಕತೆ ಹೇಳುತ್ತಿದ್ದಳು. ಚೀನಾದವರು ಬೆಟ್ಟದ ಮೇಲೆ ಒಲೆಗಳನ್ನಿಟ್ಟು ಅದರ ಹೊಗೆಯನ್ನು ಮೋಡಕ್ಕೆ ಬಿಡುತ್ತಾರಂತೆ. ಅರಬರ ದೇಶದಲ್ಲಿ ವಿಮಾನದಿಂದ ಉಪ್ಪು ಎರಚುತ್ತಾರಂತೆ. ಯೂರೋಪಿನಲ್ಲಿ ದ್ರಾಕ್ಷಿ ಬೆಳೆಯುವವರು ಆಲಿಕಲ್ಲಿನ ಮೋಡ ಕಂಡರೆ ಅದರತ್ತ ಫಿರಂಗಿ ಹಾರಿಸುತ್ತಾರಂತೆ. ಆಸ್ಟ್ರೇಲಿಯಾದಲ್ಲಿ ಸಮುದ್ರದ ನೀರನ್ನೇ ತುಂತುರು ಮಾಡಿ ಮೋಡವನ್ನು ಇನ್ನಷ್ಟು ಬೆಳ್ಳಗೆ ಮಾಡಿ ನೋಡುತ್ತಿದ್ದಾರಂತೆ. ಇನ್ನು ಕೆಲವರಿಗೆ ಆಕಾಶದ ತುತ್ತತುದಿಯಲ್ಲಿ ಪುಡಿ ತೂರಿ ಸೂರ್ಯನಾರಾಯಣನಿಗೇ ಪರದೆ ಕಟ್ಟುವ ಯೋಚನೆ. ಅದು ಹಳದಿ ಚುಕ್ಕೆ. ಇದರಿಂದೆಲ್ಲ ಏನಾದರೂ ಆಗುತ್ತಾ ಅಂತ ಕೇಳಿದೆ. ಕೆಲವು ಕಡೆ ಸ್ವಲ್ಪ ಆಗುತ್ತೆ, ಬಹಳ ಕಡೆ ಗೊತ್ತೇ ಇಲ್ಲ, ಮೋಡವೇ ಇಲ್ಲದ ಕಡೆ ಯಾರು ಏನು ಮಾಡಿದರೂ ಇಲ್ಲ ಅಂದಳು.

ಹಾಗಾದರೆ ನಮ್ಮ ಗುಡಿಯದೂ ಇದೇ ಕೆಲಸ ತಾನೇ ಅಂತ ನನ್ನ ಬಾಯಲ್ಲಿ ಬಂದುಬಿಟ್ಟಿತು. ಅವಳು ಕಾಯಿಯ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ನಮ್ಮ ಯಜಮಾನರದು ತಲೆತಲಾಂತರದಿಂದ ಬಂದ ಅರ್ಚಕತನ. ಹೇಮಾವತಿ ಕಡೆಯ ಒಂದು ಹಳ್ಳಿಯಲ್ಲಿ ಹಳೆಯ ಈಶ್ವರನ ಗುಡಿ, ಪೇಟೆಯಿಂದ ದಿನವೂ ಸ್ಕೂಟರಿನಲ್ಲಿ ಹೋಗಿ ಪೂಜೆ ಮಾಡಿ ಬರುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಆ ಊರಿನಲ್ಲಿ ಈಶ್ವರನನ್ನು ನೀರಿನಲ್ಲಿ ಮುಳುಗಿಸುವ ಪದ್ಧತಿ ಇದೆ. ಅಭಿಷೇಕದ ನೀರು ಹೊರಗೆ ಹೋಗುವ ತೂತಿಗೆ ಹಳೇ ಪಂಚೆ ಸುತ್ತಿ ತುರುಕಿ, ಜೇಡಿಮಣ್ಣು ಮೆತ್ತಿ, ಹೊಸ್ತಿಲಿಗೂ ಮಣ್ಣಿನ ಕಟ್ಟೆ ಹಾಕುತ್ತಾರೆ. ಊರ ಹೆಂಗಸರು ಕೊಡದಲ್ಲಿ ನೀರು ತಂದು ತಂದು ಕೊಡುತ್ತಾರೆ, ಲಿಂಗ ಕಾಣದ ಹಾಗೆ ಗರ್ಭಗುಡಿ ತುಂಬುವ ತನಕ. ಮಳೆ ಬಂದು ನೆಲ ನೆಂದ ಮೇಲೆ ತೂತು ಬಿಚ್ಚಿ ನೀರು ಬಿಡಬೇಕು. ಇಲ್ಲದಿದ್ದರೆ ಮಳೆ ನಿಲ್ಲುವುದಿಲ್ಲ ಅನ್ನುತ್ತಾರೆ. ಮುಚ್ಚಿದವರೇ ಬಿಚ್ಚಬೇಕು, ಬೇರೆಯವರು ಮುಟ್ಟಬಾರದು ಅನ್ನುವುದೂ ಸೇರಿಕೊಂಡಿದೆ.

ಹೋದ ವರ್ಷದ ಹಿಂದಿನ ವರ್ಷ ಹಾಗೆ ತುಂಬಿಸಿದರು. ಆಮೇಲೆ ಮೋಡ ಕಟ್ಟಿತು, ಮಳೆ ಶುರುವಾಯಿತು. ಊರಿಗೆ ಊರೇ ಇವರ ಕಾಲಿಗೆ ಬಿತ್ತು. ಮಾರನೇ ದಿನ ನೀರು ಬಿಡಬೇಕು ಅನ್ನುವಷ್ಟರಲ್ಲಿ ಪಾಂಡವಪುರದಲ್ಲಿದ್ದ ಇವರ ದಾಯಾದಿಯೊಬ್ಬರು ತೀರಿಹೋದರು. ಹತ್ತು ದಿನದ ಸೂತಕ, ಗುಡಿಯೊಳಗೆ ಹೋಗುವ ಹಾಗಿಲ್ಲ. ಪಕ್ಕದೂರಿನ ಅರ್ಚಕರು ಬಂದು ಬಾಗಿಲಲ್ಲೇ ದೀಪ ಹಚ್ಚಿ ಹೋಗುತ್ತಿದ್ದರು, ಅವರು ತೂತಿನ ಕಡೆ ಕೈ ಹಾಕಲಿಲ್ಲ. ಇವರೂ ಹಾಕಿ ಅನ್ನಲಿಲ್ಲ. ಮಳೆ ಹಗಲು ರಾತ್ರಿ ಅನ್ನದೆ ಹುಯ್ಯುತ್ತಲೇ ಇತ್ತು.

ಅಳಿಯನಿಗೆ ನಾಗಮಂಗಲದಲ್ಲಿ ಆಫೀಸು ಕೆಲಸ. ಮಗಳು ನಮ್ಮಲ್ಲಿಗೆ ಬಂದಿದ್ದಳು, ಅವಳನ್ನು ಕರೆದುಕೊಂಡು ಹೋಗುವುದಕ್ಕೆ ಬೈಕಿನಲ್ಲಿ ಹೊರಟ. ದಾರಿಯಲ್ಲಿ ಒಂದು ಕೆರೆ ಕೋಡಿ ಬಿದ್ದು ರಸ್ತೆ ಮೇಲೆ ನೀರು ಹರಿಯುತ್ತಿತ್ತು. ಮೊಣಕಾಲುದ್ದ ಕೂಡ ಇರಲಿಲ್ಲ ಅಂತ ನೋಡಿದವರು ಹೇಳಿದರು. ಬೈಕು ಜಾರಿತು. ಅವನು ಮಾರನೇ ದಿನ ಬೆಳಿಗ್ಗೆ ಗದ್ದೆಯ ಬದುವಿನಲ್ಲಿ ಸಿಕ್ಕಿದ. ಮುಖಕ್ಕೆ ಏನೂ ಆಗಿರಲಿಲ್ಲ, ಮಗಳು ನೋಡಬಹುದಾಗಿತ್ತು. ಆಗ ಅಷ್ಟನ್ನು ಹಿಡಿದುಕೊಂಡು ಕೈಮುಗಿದೆ. ಇನ್ನೇನಕ್ಕೆ ಮುಗಿಯಬೇಕು ಅಂತ ಗೊತ್ತಾಗಲಿಲ್ಲ.

ಆವತ್ತಿಂದ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಅತ್ತಿಲ್ಲ. ಎಲ್ಲ ಮಾಡುತ್ತೇವೆ. ಸಾರಿಗೆ ಒಗ್ಗರಣೆ ಹಾಕುತ್ತೇನೆ, ತುಳಸಿಗೆ ನೀರು ಹಾಕುತ್ತೇನೆ, ಶನಿವಾರ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗಿ ಬರುತ್ತೇನೆ. ಉಪ್ಪು ಹೆಚ್ಚಾದರೆ ಬೇರೆಯವರು ಹೇಳಬೇಕು.

ಇವರು ಮಾತ್ರ ಸೂತಕ ಕಳೆದ ಮೇಲೆ ಒಂದೇ ಸಲ ಗುಡಿಗೆ ಹೋದರು. ತೂತು ಬಿಚ್ಚಿ ನೀರು ಬಿಟ್ಟು, ಬೀಗದ ಕೈಯನ್ನು ತಮ್ಮ ಚಿಕ್ಕಪ್ಪನ ಮಗನ ಕೈಗೆ ಕೊಟ್ಟು ಬಂದರು. ಮನೆ ದೇವರ ಪೂಜೆಯನ್ನೂ ನನಗೇ ಬಿಟ್ಟರು. ಕಾರಣ ಬಾಯಿ ಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ. ನನಗೆ ಗೊತ್ತಿತ್ತು. ಅಳಿಯನನ್ನು ತಾನೇ ಮುಳುಗಿಸಿದೆ ಅಂತ ಅವರ ಲೆಕ್ಕ. ಊಟಕ್ಕೆ ಕೂತವರು ಅನ್ನ ಕಲಸಿಕೊಂಡು ಹಾಗೇ ಕೂತಿರುತ್ತಿದ್ದರು. ಪಂಚೆ ಸೊಂಟದಲ್ಲಿ ನಿಲ್ಲದ ಹಾಗೆ ಸಣ್ಣಗಾದರು. ಹೀಗೇ ಆದರೆ ಇವರನ್ನೂ ಕಳೆದುಕೊಳ್ಳುತ್ತೇನೆ ಅನ್ನುವುದು ನನಗೆ ಅನ್ನ ಬೆಂದಿದೆ ಅನ್ನುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಗಾಬರಿ ಕೂಡ ಆಗುತ್ತಿರಲಿಲ್ಲ.

ಮಗಳ ನಕ್ಷೆಯ ಕೆಲಸ ಶುರುವಾದ ಮೇಲೆ ಇವರಲ್ಲಿ ಒಂದು ಚಲನೆ ಕಾಣಿಸಿತು. ಅಳಿಯ ಹೋದ ವರ್ಷ ನಮ್ಮ ರಾಜ್ಯದಲ್ಲೂ ವಿಮಾನದಿಂದ ಮೋಡ ಬಿತ್ತನೆ ಮಾಡಿದ್ದರು ಅಂತ ಅವಳು ಯಾವುದೋ ಮಾತಿನಲ್ಲಿ ಅಂದಳು. ಇವರು ಪೇಪರು ಕೆಳಗಿಟ್ಟರು. ಎಲ್ಲಿ, ಯಾವಾಗ, ನಮ್ಮ ಕಡೆಗೂ ಬಂದಿದ್ದರಾ ಅಂತ ಕೇಳಿದರು. ಇನ್ನೂ ವಿಚಾರಿಸುತ್ತಿದ್ದೇನೆ ಅಪ್ಪ ಅಂದಳು. ಮಾರನೇ ಸಂಜೆ ಮತ್ತೆ ಕೇಳಿದರು. ಆಮೇಲೆ ಅದೇ ದಿನಚರಿಯಾಯಿತು. ಸಂಜೆ ಕೈಕಾಲು ತೊಳೆದುಕೊಂಡು ಬಂದು ಅವಳ ಹಿಂದೆ ನಿಂತು, "ಆ ವಿಮಾನ ಸಿಕ್ತಾ ಮಗು?" ಅನ್ನುವುದು.

ಆ ಮಳೆ ವಿಮಾನದ್ದು ಅಂತಾದರೆ ಇವರ ತಲೆ ಮೇಲಿನ ಹೊರೆ ಇಳಿಯುತ್ತದೆ ಅಂತ ನಾನೂ ಕಾದೆ. ಮುಂದಿನ ಶನಿವಾರ ರಂಗನಾಥನ ಮುಂದೆ ನಿಂತು, ಆ ವಿಮಾನ ನಮ್ಮ ಕಡೆ ಬಂದಿದ್ದೇ ಆಗಲಿ ತಂದೆ, ತುಪ್ಪದ ದೀಪ ಹಚ್ಚುತ್ತೇನೆ ಅಂತ ಹರಕೆ ಹೊತ್ತೆ. ಹಿಂದೆ ನಿಂತವರು ಮದುವೆ, ಮಕ್ಕಳು ಅಂತ ಕೇಳಿಕೊಳ್ಳುತ್ತಿದ್ದರು. ನಾನು ವಿಮಾನ ಕೇಳಿದೆ.

ದೇವರು ಆ ಹರಕೆ ತೆಗೆದುಕೊಳ್ಳಲಿಲ್ಲ. ಮಗಳಿಗೆ ಉತ್ತರ ಬಂತು. ವಿಮಾನ ಹಾರಿದ್ದು ಬೇರೆ ಜಿಲ್ಲೆಗಳಲ್ಲಿ, ಅದೂ ನಮ್ಮಲ್ಲಿ ಮಳೆ ಹಿಡಿದುಕೊಳ್ಳುವುದಕ್ಕೆ ಎಷ್ಟೋ ಮೊದಲೇ ನಿಂತಿತ್ತು. ಅದನ್ನು ಅವಳು ಅಡುಗೆಮನೆಗೆ ಬಂದು ನನಗೆ ಹೇಳಿದಳು. ಬಂದಿತ್ತು ಅಂತಲೇ ಅವರಿಗೆ ಹೇಳಿಬಿಡು, ನಿನ್ನ ಗಂಟೇನು ಹೋಗುತ್ತೆ ಅಂದೆ.

"ಹೇಳಬಹುದಮ್ಮ. ಆಮೇಲೆ ಆ ವಿಮಾನ ಓಡಿಸಿದವನ ವಿಳಾಸ ಕೇಳ್ತಾರೆ" ಅಂದಳು.

ಅದು ನಿಜ. ಕೇಳುತ್ತಿದ್ದರು. ಯಾವನೋ ಒಬ್ಬನ ಕುತ್ತಿಗೆಗೆ ಆ ಹೆಣ ಕಟ್ಟುವ ತನಕ ಅವರಿಗೆ ಕೂರಲು ಆಗುತ್ತಿರಲಿಲ್ಲ. ಆ ಹರಕೆ ಫಲಿಸದೆ ಇದ್ದದ್ದೂ ಒಂದು ಉಪಕಾರವೇ ಅಂತ ಈಗ ಅನ್ನಿಸುತ್ತದೆ. ಆವತ್ತು ಹಾಗೆ ಅನ್ನಿಸಲಿಲ್ಲ, ತಿರುಗಿ ಸಾರು ಕದಡಿದೆ. ಮಗಳಿಗೂ ಅಪ್ಪನ ಮುಂದೆ ಹೇಳಲು ಬಾಯಿ ಬರಲಿಲ್ಲ. ಸಂಜೆ ಅವರು ಬಂದು ಕೇಳಿದರೆ ಇನ್ನೂ ಇಲ್ಲಪ್ಪ ಅನ್ನುತ್ತಿದ್ದಳು.

ಈ ವರ್ಷ ಮತ್ತೆ ಮಳೆ ಕಣ್ಣುಮುಚ್ಚಾಲೆ ಆಡಿತು. ಆ ಊರಿನಿಂದ ಯಜಮಾನಪ್ಪನೂ ಇನ್ನಿಬ್ಬರೂ ಬಂದು ನಮ್ಮ ಜಗಲಿಯಲ್ಲಿ ಕೂತರು. ಯಜಮಾನಪ್ಪ ಅಂದರೆ ಗುಡಿಯ ಕೆಲಸಕ್ಕೆಲ್ಲ ಮುಂದಾಳು, ಹೊಲ ಗದ್ದೆ ಹಸು ಅಂತ ದೊಡ್ಡ ಸಂಸಾರ, ಮಾತು ಒರಟು, ಮನಸ್ಸು ಒಳ್ಳೆಯದು. ಈಶ್ವರನನ್ನು ಮುಳುಗಿಸಬೇಕು, ಅದು ನಿಮ್ಮ ಕೈಯಿಂದಲೇ ಆಗಬೇಕು ಅಂದರು. ಇವರು ತಲೆ ಎತ್ತದೆ, ನನ್ನಿಂದ ಆಗಲ್ಲ, ಚಿಕ್ಕಪ್ಪನ ಮಗ ಇದ್ದಾನೆ, ಅವನು ಮಾಡಲಿ ಅಂದರು.

"ಅವ್ರು ಮುಚ್ಚಿದ್ರೆ ಏನೂ ಆಗಕಿಲ್ಲ ಬುಡಿ ಅಯ್ನೋರೆ" ಅಂದ ಯಜಮಾನಪ್ಪ. "ಅವತ್ತು ನೀವು ಮುಚ್ಚಿದ್ರಿ, ಮಳೆ ಬಂತು. ನೀವು ಬಿಚ್ನಿಲ್ಲ, ಮಳೆ ನಿಲ್ನಿಲ್ಲ. ಅಂತಾ ಕೈ ಕಣ್ರೀ ಅದು. ಮೂರು ತಾಲೂಕಲ್ಲಿ ಮಾತಾಡ್ಕೊತಾರೆ."

ಹೊಗಳುವುದಕ್ಕೇ ಅಂದದ್ದು. ಇವರ ಕೈ ತೊಡೆಯ ಮೇಲಿತ್ತು. ಅದನ್ನು ಮೆಲ್ಲಗೆ ಹೊದ್ದಿದ್ದ ಟವಲಿನ ಕೆಳಗೆ ಎಳೆದುಕೊಂಡರು. ನಾನು ಕಾಫಿ ಲೋಟದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಮಗಳು ಒಳಗಿಂದ ಎದ್ದು ಬಂದಳು. ಗಂಡಸರು ಕೂತಿರುವ ಕಡೆ ಅವಳು ಬಂದು ಕೂರುವುದು ಇಲ್ಲವೇ ಇಲ್ಲ. ಕಂಪ್ಯೂಟರನ್ನು ತಂದು ಅಪ್ಪನ ಪಕ್ಕ ಜಗಲಿಯ ಮೇಲಿಟ್ಟಳು. ಅದರಲ್ಲಿ ಅಳಿಯ ಹೋದ ವಾರದ ಮೋಡದ ಚಿತ್ರ ತೋರಿಸಿದಳು. ಬಂಗಾಳಕೊಲ್ಲಿಯಿಂದ ಎದ್ದದ್ದು, ಬಿಳೀ ಕಂಬಳಿ ಹಾಸಿದ ಹಾಗೆ ಮೂರು ರಾಜ್ಯದ ಮೇಲೆ ಬಿದ್ದಿತ್ತು. ನಮ್ಮ ತಾಲೂಕು ಎಲ್ಲಿ ಅಂತ ಅವಳೇ ಬೆರಳಿಟ್ಟು ತೋರಿಸಬೇಕಾಯಿತು, ಅಷ್ಟು ಚಿಕ್ಕದು. ವಿಮಾನ ನಮ್ಮ ಕಡೆ ಬರಲೇ ಇಲ್ಲ ಅನ್ನುವುದನ್ನೂ ಆಗಲೇ ಹೇಳಿದಳು. ವಿಮಾನ ಬಂದಿದ್ದರೂ ಇಷ್ಟು ಮಳೆ ಮಾಡುವ ಶಕ್ತಿ ಪ್ರಪಂಚದಲ್ಲಿ ಯಾರ ಹತ್ತಿರವೂ ಇಲ್ಲ ಅಂದಳು. ಆಮೇಲೆ ಧ್ವನಿ ತಗ್ಗಿಸಿ ಅಂದಳು:

"ನಿಮ್ಮ ಗುಡೀಲಿ ಅಷ್ಟು ನೀರಿರಲಿಲ್ಲ ಅಪ್ಪ."

ಯಜಮಾನಪ್ಪನಿಗೆ ಸರಿಬರಲಿಲ್ಲ. "ಅಂಗಾರೆ ನಮ್ ದೇವ್ರು ಸುಳ್ಳಾ ಕಣವ್ವ?" ಅಂದ.

"ದೇವರ ಮಾತು ನಾನಾಡಿಲ್ಲ ಗೌಡ್ರೆ. ನೀರಿನ ಮಾತಾಡ್ದೆ."

ಅವನು ಅವಳ ಹಣೆ ನೋಡಿದ, ಕಂಪ್ಯೂಟರು ನೋಡಿದ, ಆಮೇಲೆ ಇವರನ್ನು ನೋಡಿದ. ಆಗ ಅವನಿಗೆ ಏನೋ ಹೊಳೆದಿರಬೇಕು. ಇಷ್ಟು ದಿನ ಇವರು ಗುಡಿ ಬಿಟ್ಟದ್ದು ಮಗಳ ದುಃಖಕ್ಕೆ ಅಂತಲೇ ಊರೆಲ್ಲ ತಿಳಿದಿತ್ತು. ನನ್ನ ಕೈಯಿಂದ ತಟ್ಟೆ ಈಸಿಕೊಂಡು ತಾನೇ ಎಲ್ಲರಿಗೂ ಲೋಟ ಕೊಟ್ಟ. ಹೋಗುವಾಗ, ಯೋಚನೆ ಮಾಡಿ ಅಯ್ನೋರೆ, ನಾವೇನೂ ಬಲವಂತ ಮಾಡಕಿಲ್ಲ ಅಂದು ಹೋದ.

ಅವರು ಹೋದ ಮೇಲೂ ಇವರು ಆ ಮೋಡವನ್ನೇ ನೋಡುತ್ತಿದ್ದರು. ಕೊನೆಗೆ, "ಹಾಗಾದ್ರೆ ನಾನೇನೂ ಮಾಡ್ಲೇ ಇಲ್ಲ" ಅಂದರು. ಸಮಾಧಾನ ಅಂತ ಹೇಳಲಾರೆ. ಇವರ ತಂದೆ, ತಾತ, ಎಲ್ಲರೂ ಆ ತೂತಿಗೆ ಮಣ್ಣು ಮೆತ್ತಿದವರೇ. ಕೊಂದದ್ದು ಇವರಲ್ಲ ಅಂದರೆ ಮಳೆ ಬರಿಸಿದ್ದೂ ಅವರ್ಯಾರೂ ಅಲ್ಲ. ಮಗಳು ಒಂದು ಭಾರ ಇಳಿಸಿ, ಇನ್ನೊಂದನ್ನೂ ಕಿತ್ತುಕೊಂಡಿದ್ದಳು. ಅವಳಿಗೂ ಅದು ಗೊತ್ತಾಯಿತು ಅಂತ ಕಾಣುತ್ತೆ, ಅಪ್ಪನ ಹೆಗಲ ಮೇಲೆ ಕೈಯಿಟ್ಟು ಹಾಗೇ ಕೂತಿದ್ದಳು.

ಎರಡು ದಿನ ಬಿಟ್ಟು ಇವರೇ ಯಜಮಾನಪ್ಪನಿಗೆ ಫೋನು ಮಾಡಿದರು. ತುಂಬಿಸೋಣ, ಆದರೆ ಮಳೆ ಬರಲಿ ಬಿಡಲಿ, ಸಂಜೆಗೆ ನಾನು ತೂತು ಬಿಚ್ಚಿ ನೀರು ಬಿಟ್ಟುಬಿಡುತ್ತೇನೆ, ಒಪ್ಪಿಗೆಯಿದ್ದರೆ ಹೇಳಿ ಅಂದರು. ಆ ಕಡೆಯಿಂದ ಏನೋ ಗೊಣಗಾಟ ಕೇಳಿಸಿತು. ಒಪ್ಪಿದರು.

ಸೋಮವಾರ ನಾವು ಮೂವರೂ ಹೋದೆವು. ಹೆಂಗಸರು ಸಾಲುಗಟ್ಟಿ ನಿಂತು ಕೊಡ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮಗಳು ಗುಡಿಯ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು, ಗಂಡ ಇಲ್ಲದವಳು ಇಂಥದ್ದಕ್ಕೆ ಕೈ ಹಚ್ಚಬಾರದು ಅಂತ ಯಾರಾದರೂ ಅಂದಾರು ಎಂದು. ಸಾಲಿನಲ್ಲಿದ್ದ ನಾನೂ ಕರೆಯಲಿಲ್ಲ. ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಒಬ್ಬಳು ತಿರುಗಿ ನೋಡಿ, "ಬಾರವ್ವ ಇಲ್ಲಿ, ನನ್ ತೋಳು ಬಿದ್ದೋಯ್ತು, ನೋಡ್ಕೊಂಡ್ ನಿಂತವ್ಳೆ" ಅಂತ ಗದರಿ ಸಾಲಿಗೆ ಎಳೆದುಕೊಂಡಳು. ಆಮೇಲೆ ನನ್ನ ಕೈಗೆ ಬಂದ ಕೊಡಗಳೆಲ್ಲ ಮಗಳ ಕೈ ದಾಟಿ ಬಂದವು.

ಸಂಜೆ ಆಕಾಶ ಬೆಳ್ಳಗೇ ಇತ್ತು. ಇವರು ಪಂಚೆ ಎತ್ತಿ ಕಟ್ಟಿ ನೀರಿಗಿಳಿದು, ಬಗ್ಗಿ ತಡಕಿ ಬಟ್ಟೆ ಎಳೆದರು. ನೀರು ಹೊರಗೆ ಧುಮುಕಿ ಅಂಗಳದಲ್ಲಿ ಹರಿಯಿತು. ಹೆಂಗಸರು ಅದರಲ್ಲೇ ಕಾಲು ತೊಳೆದುಕೊಂಡರು, ಒಬ್ಬಳು ತನ್ನ ಕೊಡವನ್ನೂ ತೊಳೆದಳು. ಇವರು ನೆಲ ಒರೆಸಿ, ಲಿಂಗ ಒರೆಸಿ, ಬಿಲ್ವ ಏರಿಸಿ ಮಂಗಳಾರತಿ ಮಾಡಿದರು. ಮಂತ್ರ ಒಂದು ಕಡೆ ಮರೆತರು. ನೆನೆಸಿಕೊಂಡು ಮುಂದೆ ಹೇಳಿದರು.

ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟೆ. ಇವರು ಊಟಕ್ಕೆ ಕೂತು ಮೊದಲ ತುತ್ತಿಗೇ, ಸಾರಿಗೆ ಉಪ್ಪು ಹಾಕಿಲ್ಲ ಕಣೆ ಅಂದರು. ಮಗಳು ಉಪ್ಪಿನ ಡಬ್ಬಿ ತಂದಿಟ್ಟಳು. ಹಾಕಿಕೊಂಡು ಪೂರ್ತಿ ಉಂಡರು.